ಹೊಸ್ತಿಲಲ್ಲಿ ನಾಲ್ಕು ನಿಮಿಷ

ನಮ್ಮ ಊರಲ್ಲಿ ಬೆಳಗಾಗುವುದು ಸರದಿಯ ಮೇಲೆ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಕಚೇರಿ ಬೀದಿಯ ಮೊದಲನೆಯ ಮನೆಗೆ ಬೆಳಕು ಬರುತ್ತದೆ, ಅಲ್ಲಿಂದ ಪಕ್ಕದ ಮನೆಗೆ, ಅಲ್ಲಿಂದ ಅದರ ಪಕ್ಕದ ಮನೆಗೆ. ಯಾವ ಮನೆಗೆ ಕಿಟಕಿಯಿಂದ ಹೋಗಬೇಕು, ಯಾವ ಮನೆಗೆ ಬಾಗಿಲಿಂದ, ಎಲ್ಲಿ ನಿಂತು ಎಲ್ಲಿ ಬೇಗ ದಾಟಬೇಕು ಎಂಬುದೆಲ್ಲ ಬೆಳಗಿನ ಕಚೇರಿಯ ಬರಹದಲ್ಲಿದೆ. ಹಿಂದೆ ಅದು ಕೆಂಪು ಬಟ್ಟೆ ಸುತ್ತಿದ ಪುಸ್ತಕದಲ್ಲಿತ್ತು, ಆಮೇಲೆ ಟೈಪ್ ಮಾಡಿದ ಹಾಳೆಗಳಲ್ಲಿ, ಈಗ ಇಪ್ಪತ್ತೈದು ವರ್ಷದಿಂದ ಕಂಪ್ಯೂಟರಿನಲ್ಲಿ. ಊರಿನವರು ಪ್ರೋಗ್ರಾಂ ಎನ್ನುತ್ತಾರೆ, ಕಚೇರಿಯವರಾದ ನಾವು ಈಗಲೂ ಬರಹ ಎಂದೇ ಕರೆಯುತ್ತೇವೆ. ನಾನು ಅಲ್ಲಿನ ಗುಮಾಸ್ತ, ಹೆಸರು ಗುರುಪಾದ. ಇಪ್ಪತ್ತೇಳು ವರ್ಷ ಒಂದೇ ಕುರ್ಚಿಯಲ್ಲಿ ಕೂತವನಿಗೆ ಧೈರ್ಯ ಅಂತೇನೂ ಬೆಳೆಯುವುದಿಲ್ಲ, ಬೆಳೆಯುವುದು ಹೊಟ್ಟೆ ಒಂದೇ.

ಬೆಳಕು ತಮಗೆ ಒಗ್ಗದಿದ್ದರೆ ಜನ ಕಚೇರಿಗೆ ಬಂದು ಅರ್ಜಿ ಕೊಡುತ್ತಿದ್ದರು. ಬಾಣಂತಿ ಕೋಣೆಗೆ ಮೆಲ್ಲಗೆ ಬರಲಿ, ಸ್ನಾನ ಮುಗಿಯುವ ತನಕ ಬಚ್ಚಲ ಕಿಂಡಿ ಕಡೆ ಬರುವುದು ಬೇಡ, ಅತ್ತೆ ಎದ್ದ ಮೇಲೆ ಸೊಸೆಯ ಕೋಣೆಗೆ ಬರಲಿ, ಹೀಗೆ. ನಾವು ಒಂದು ಸಾಲು ಸೇರಿಸುತ್ತಿದ್ದೆವು, ಮರುದಿನ ಬೆಳಕು ಹಾಗೇ ನಡೆದುಕೊಳ್ಳುತ್ತಿತ್ತು. ಅದಕ್ಕೇ ನಮ್ಮ ಊರಿನ ಯಾವ ಮನೆಯಲ್ಲೂ ಪರದೆ ಇರಲಿಲ್ಲ. ಕೈಗೆಟಕುವ ದೂರದಲ್ಲಿ ಕಚೇರಿ ಇರುವಾಗ ಕಿಟಕಿಗೆ ಬಟ್ಟೆ ಕಟ್ಟುವ ಯೋಚನೆ ಯಾರಿಗೆ ಬರಬೇಕು?

ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಸೇರಿಸಬಹುದು, ತೆಗೆಯುವಂತಿಲ್ಲ. ನಾನು ಹುಟ್ಟುವ ಮುಂಚೆ ಯಾರೋ ಒಬ್ಬ ಗುಮಾಸ್ತ ಬೇಡದ ಸಾಲು ಅಂದುಕೊಂಡು ಏನನ್ನೋ ಹೊಡೆದುಹಾಕಿದನಂತೆ, ಆ ವಾರ ಮಂಗಳವಾರ ಬೆಳಗಾಗಲೇ ಇಲ್ಲವಂತೆ. ಅವತ್ತಿನಿಂದ ಆ ನಿಯಮ. ಮನೆ ಬಿದ್ದುಹೋದರೂ ಅದರ ಸಾಲು ಬೀಳುವುದಿಲ್ಲ, ಮನುಷ್ಯ ಸತ್ತರೂ ಅವನ ಅರ್ಜಿ ಸಾಯುವುದಿಲ್ಲ. ಬೆಳಕು ಇವತ್ತಿಗೂ ಎರಡನೇ ಬೀದಿಯಲ್ಲಿ ಒಂದು ಖಾಲಿ ಸೈಟಿನ ಮುಂದೆ ತಗ್ಗಿ ಬಗ್ಗಿ ಹೋಗುತ್ತದೆ. ಅಲ್ಲಿ ಯಾವ ಕಾಲದಲ್ಲೋ ಒಂದು ಚಪ್ಪರ ಇತ್ತು.

ಹೀಗೆ ಸೇರಿಸುತ್ತ ಸೇರಿಸುತ್ತ ಬರಹ ನಲವತ್ತೊಂದು ಸಾವಿರ ಸಾಲಿಗೆ ಬಂದಿತ್ತು. ಊರ ಕೊನೆಯಲ್ಲಿರುವ ಕಡೇಬೀದಿಗೆ ಬೆಳಕು ತಲುಪುವುದು ವರ್ಷ ವರ್ಷಕ್ಕೂ ತಡವಾಯಿತು. ಆ ಬೀದಿಯ ಕೊನೇ ಮನೆಗೆ ನನ್ನ ಅಕ್ಕ ಅಂಬುಜಕ್ಕ ಮದುವೆಯಾಗಿ ಹೋದಾಗ ಅಲ್ಲಿ ಬೆಳಗಾಗುತ್ತಿದ್ದದ್ದು ಆರೂವರೆಗೆ. ಈ ಕಥೆ ಶುರುವಾಗುವ ಹೊತ್ತಿಗೆ ಹನ್ನೊಂದು ಇಪ್ಪತ್ತಕ್ಕೆ. ಜನ ಹೊಂದಿಕೊಂಡಿದ್ದರು. ಹೆಂಗಸರು ಲಾಟೀನು ಇಟ್ಟುಕೊಂಡು ರಂಗೋಲಿ ಹಾಕುತ್ತಿದ್ದರು. ಮಕ್ಕಳು ಕತ್ತಲಲ್ಲಿ ಕೈ ಕೈ ಹಿಡಿದು ಹೊರಟು ಮೂರನೇ ಬೀದಿಯ ತಿರುವಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಬಿಸಿಲಿಗೆ ಕಾಲಿಡುತ್ತಿದ್ದರು. ಕೋಳಿಗಳು ಎಂಟರ ಸುಮಾರಿಗೆ ಒಮ್ಮೆ ಅಂದಾಜಿನ ಮೇಲೆ ಕೂಗಿ ಸುಮ್ಮನಾಗುತ್ತಿದ್ದವು. ಹೆಣ್ಣು ಕೊಡುವವರು ಹುಡುಗನ ಓದು, ನೌಕರಿ ಕೇಳುವ ಮೊದಲು ನಿಮ್ಮಲ್ಲಿ ಎಷ್ಟು ಗಂಟೆಗೆ ಬೆಳಗಾಗುತ್ತದೆ ಎಂದು ಕೇಳುವಂತಾಗಿತ್ತು.

ಹೊಂದಿಕೊಳ್ಳಲಾಗದೆ ಇದ್ದವಳು ನನ್ನ ಅಕ್ಕ. ಭಾವ ತೀರಿಕೊಂಡ ಮೇಲೆ ಹದಿನಾರು ವರ್ಷದಿಂದ ಅವಳ ಜೀವನ ನಡೆದಿರುವುದು ಸಂಡಿಗೆಯ ಮೇಲೆ. ಸಂಡಿಗೆಯ ಹಿಟ್ಟು ಬಿಸಿ ಇರುವಾಗಲೇ ಒತ್ತಬೇಕು, ಒತ್ತಿದ್ದಕ್ಕೆ ಬೆಳಗಿನ ಬಿಸಿಲು ಬೀಳಬೇಕು. ಹನ್ನೊಂದೂವರೆಗೆ ಒತ್ತಿದ ಸಂಡಿಗೆ ಸಂಜೆಗೆ ಅರ್ಧ ಒಣಗಿರುತ್ತದೆ, ರಾತ್ರಿಗೆ ಹುಳಿ ವಾಸನೆ ಹಿಡಿಯುತ್ತದೆ. ನಾಲ್ಕು ದಿನಕ್ಕೆ ಒಣಗುತ್ತಿದ್ದದ್ದು ಎಂಟು ದಿನವಾಯಿತು, ಅದರಲ್ಲಿ ಅರ್ಧ ದನಕ್ಕೆ ಹೋಯಿತು. ಅವಳು ದೂರುವವಳಲ್ಲ. ನನ್ನ ಎದುರಿಗಂತೂ ಆ ಮಾತೇ ಎತ್ತುತ್ತಿರಲಿಲ್ಲ. ತಮ್ಮ ಅದೇ ಕಚೇರಿಯಲ್ಲಿದ್ದಾನೆ ಅಂತಲೋ ಏನೋ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಆ ವರ್ಷ ಹೊಸದಾಗಿ ಹನ್ನೊಂದು ಮನೆ ಕಟ್ಟಲು ಪರವಾನಗಿ ಆಯಿತು. ಅವನ್ನೂ ಬರಹಕ್ಕೆ ಸೇರಿಸಿದರೆ ಕಡೇಬೀದಿಗೆ ಬೆಳಕು ತಲುಪುವಾಗ ಹನ್ನೆರಡು ದಾಟುತ್ತಿತ್ತು. ಹನ್ನೆರಡಕ್ಕೆ ಸಂಜೆಯ ಬರಹ ಶುರುವಾಗುತ್ತದೆ. ಬೆಳಗು ಮುಗಿಯುವ ಮೊದಲೇ ಸಂಜೆ ಶುರುವಾದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಪರೀಕ್ಷೆ ಮಾಡಿ ನೋಡುವ ಗಂಡೆದೆಯೂ ಯಾರಿಗೂ ಇರಲಿಲ್ಲ. ಊರಿನ ಸಮಿತಿಯ ಅಧ್ಯಕ್ಷರು ಹಾಲೇಶಪ್ಪನವರು. ಕೆಟ್ಟವರಲ್ಲ, ಹೆದರಿದವರು. ಅವರು ಸಭೆ ಕರೆದು ತೀರ್ಮಾನ ಓದಿಸಿದರು: ರಥಸಪ್ತಮಿಯ ದಿನದಿಂದ ಬರಹದ ಕೊನೆಗೆ ಒಂದು ಸಾಲು ಸೇರಿಸಲಾಗುವುದು, ಅದರಂತೆ ಬೆಳಕು ಕಡೇಬೀದಿಯ ತಿರುವಿನಲ್ಲಿ ಹಿಂದಕ್ಕೆ ಹೊರಳುವುದು. ಆ ಬೀದಿಯವರಿಗೆ ಬೇರೆ ಕಡೆ ಜಾಗ ಕೊಡಲಾಗುವುದು. ಸೂರ್ಯನ ಹಬ್ಬದ ದಿನವೇ ಒಂದು ಬೀದಿಗೆ ಸೂರ್ಯ ಇಲ್ಲ ಎಂದು ಮಾಡುವುದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಆ ಸಾಲು ಬರೆಯಬೇಕಾದವನು ನಾನೇ.

ಅಕ್ಕನಿಗೆ ಹೇಳಿದಾಗ ಅವಳು ಒಲೆಯ ಮುಂದೆ ಹಿಟ್ಟು ತಿರುವುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಾನೆಲ್ಲೂ ಹೋಗಲ್ಲ ಗುರು," ಅಂದಳು. "ಬೆಳಕು ಬರ್ದೇ ಇದ್ರೆ ಬಿಡಲಿ. ನಿಮ್ ಭಾವ ಇದ್ದ ಮನೆ ಇದು."

ಕಾರ್ತೀಕದಲ್ಲಿ ಕುಮುದಾ ಎಂಬ ಹೆಣ್ಣುಮಗಳು ಬಂದಳು. ಮೂವತ್ತು ಮೂವತ್ತೆರಡು ವಯಸ್ಸಿರಬಹುದು, ಹೆಗಲಿಗೊಂದು ಚೀಲ, ಕೈಯಲ್ಲಿ ಗಂಡಸರ ದೊಡ್ಡ ವಾಚು. ಯಾವುದೋ ದೂರದ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹಳೆಯ ಪ್ರೋಗ್ರಾಂಗಳನ್ನು ಓರಣ ಮಾಡುವುದು ಅವಳ ವಿಷಯ. ಅಂದರೆ ಒಳಗಿನ ಬರವಣಿಗೆಯನ್ನೆಲ್ಲ ಒಪ್ಪವಾಗಿ ಮತ್ತೆ ಜೋಡಿಸುವುದು, ಆದರೆ ಹೊರಗೆ ಅದು ಮಾಡುವ ಕೆಲಸ ಕೂದಲೆಳೆಯಷ್ಟೂ ಬದಲಾಗಕೂಡದು. ಹಾಲೇಶಪ್ಪನವರು ಕೇಳಿ ನಕ್ಕರು. ಏನೂ ಬದಲಾಗದೇ ಇರುವುದಕ್ಕೆ ಅಷ್ಟು ದೂರದಿಂದ ಬರಬೇಕಿತ್ತೇ, ಅದನ್ನು ನಮ್ಮ ಗುರುಪಾದ ಇಪ್ಪತ್ತೇಳು ವರ್ಷದಿಂದ ಮಾಡುತ್ತಿದ್ದಾನಲ್ಲ ಎಂದರು. ಆದರೂ ರಥಸಪ್ತಮಿಯ ತನಕ ನೋಡಿಕೊಳ್ಳಲಿ ಅಂತ ಒಪ್ಪಿಗೆ ಕೊಟ್ಟರು. ಅವರ ಮನಸ್ಸಿನಲ್ಲೂ ಕಡೇಬೀದಿ ಒಂದು ಮುಳ್ಳಾಗಿ ಕೂತಿತ್ತು ಅನ್ನಿಸುತ್ತದೆ.

ಅವಳಿಗೆ ಉಳಿಯಲು ಕಚೇರಿಯ ಹಿಂದಿನ ಕೋಣೆ ಕೊಟ್ಟೆವು. ಮೊದಲನೇ ದಿನವೇ ಆರು ಗಂಟೆಗೆ ಮುಖದ ಮೇಲೆ ಬೆಳಕು ಬಿತ್ತಂತೆ. ಅಂಗಡಿ ಅಂಗಡಿ ಸುತ್ತಿ ಪರದೆ ಕೇಳಿದಳು, ಯಾರಿಗೂ ಅದೇನೆಂದು ಅರ್ಥವಾಗಲಿಲ್ಲ. ಕೊನೆಗೆ ತನ್ನದೇ ಒಂದು ಹಸಿರು ಸೀರೆಯನ್ನು ಕಿಟಕಿಗೆ ಇಳಿಬಿಟ್ಟಳು. ಮೂರು ದಿನ ಜನ ಬಂದು ಬಂದು ನೋಡಿ ಹೋದರು. ಅರ್ಜಿ ಬರೆಯಲು ಬರುವುದಿಲ್ಲವೇನೋ ಪಾಪ ಎಂದು ಮರುಗಿದವರೂ ಇದ್ದರು.

ಬಂದವಳು ಬರಹ ಮುಟ್ಟುತ್ತಾಳೆ ಎಂದು ನಾನು ಉಸಿರು ಬಿಗಿಹಿಡಿದು ಕೂತಿದ್ದರೆ ಅವಳು ಮುಟ್ಟಲೇ ಇಲ್ಲ. ಹನ್ನೊಂದು ದಿನ ಬೀದಿ ಬೀದಿಯಲ್ಲಿ ಕೂತು ಬೆಳಕು ಬರುವುದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕ್ಷೌರದಂಗಡಿಯಲ್ಲಿ ಮೊದಲು ಕನ್ನಡಿಗೆ, ಆಮೇಲೆ ಕುರ್ಚಿಗೆ. ಶಾಲೆಯ ಗೋಡೆಗೆ ಏಳು ನಲವತ್ತಕ್ಕೆ. ಬಾವಿಯೊಳಗೆ ಒಂದು ಕ್ಷಣ ಇಣುಕಿ ಮುಂದಕ್ಕೆ. ಆಮೇಲೆ ಆ ನೋಟ್‌ಬುಕ್ಕಿನಿಂದ ಮನೆಗೊಂದು ಚೀಟಿ ಮಾಡಿದಳು. ನಿಮ್ಮ ಮನೆಗೆ ಬೆಳಕು ಇಷ್ಟು ಹೊತ್ತಿಗೆ, ಈ ದಾರಿಯಲ್ಲಿ, ಹೀಗೆ ಬರುತ್ತದೆ, ದಿನಾ ಬೆಳಿಗ್ಗೆ ನೋಡಿ ಸರಿಯಿದ್ದರೆ ಗುರುತು ಹಾಕಿ, ಇಲ್ಲದಿದ್ದರೆ ಕಚೇರಿಗೆ ಓಡಿ ಬನ್ನಿ. ನಮ್ಮ ಜನಕ್ಕೆ ಯಾವುದೇ ಕೆಲಸ ಹೇಳಿ, ಮಾಡಲಿಕ್ಕಿಲ್ಲ, ತಪ್ಪು ಹುಡುಕುವ ಕೆಲಸ ಹೇಳಿದರೆ ಊಟ ಬಿಟ್ಟು ಮಾಡುತ್ತಾರೆ. ಒಂದು ವಾರದಲ್ಲಿ ಊರಿಗೆ ಊರೇ ಚೀಟಿ ಹಿಡಿದು ಬಾಗಿಲಲ್ಲಿ ನಿಲ್ಲತೊಡಗಿತು.

ಆಮೇಲೆ ಕೆಲಸ ಶುರು. ದಿನಕ್ಕೆ ಒಂದೇ ಬದಲಾವಣೆ, ಅದೂ ಸಣ್ಣದು. ಬೆಳಗಾಗುವುದು ದಿನಕ್ಕೊಂದೇ ಸಲವಾದ್ದರಿಂದ ಸರಿಯೋ ತಪ್ಪೋ ನೋಡಲು ಮರುದಿನದ ತನಕ ಕಾಯಲೇಬೇಕು. ಹಿಂದಿನ ದಿನದ ಬರಹವನ್ನು ಹಾಗೇ ಬೇರೆ ಕಡೆ ಎತ್ತಿಟ್ಟು, ಇಂದಿನದನ್ನು ಮುಟ್ಟುವುದು. ಹಳೆಯದು ಕೈಯಲ್ಲೇ ಇರುವುದರಿಂದ ತೆಗೆದಂತಾಗಲಿಲ್ಲ ಎಂದು ಗೋಡೆಯ ಮೇಲಿನ ನಿಯಮಕ್ಕೆ ಸಮಾಧಾನ ಹೇಳಿಕೊಂಡೆ. ಅರ್ಥವಾಗದ ಹೆಸರುಗಳನ್ನು ತೆಗೆದು ಓದಿದರೆ ತಿಳಿಯುವ ಹೆಸರು ಇಟ್ಟೆವು. ಒಂದೇ ಮಾತನ್ನು ಮೂರು ಕಡೆ ಬರೆದಿದ್ದರೆ ಒಂದು ಕಡೆಗೆ ತಂದೆವು. ಗುರುಪಾದಪ್ಪನವರೇ, ಈ ಸಾಲು ಯಾಕಿದೆ ಎಂದು ಅವಳು ಕೇಳುತ್ತಿದ್ದಳು, ನಾನು ನೆನಪಿದ್ದಷ್ಟು ಹೇಳುತ್ತಿದ್ದೆ. ನನ್ನ ತಲೆಯಲ್ಲಿ ಅಷ್ಟೊಂದು ಜನರ ಅತ್ತೆ ಸೊಸೆಯರು, ಬಾಣಂತಿಯರು, ಸತ್ತ ನಾಯಿಗಳು ಇರುವುದು ನನಗೇ ಗೊತ್ತಿರಲಿಲ್ಲ. ನನ್ನನ್ನು ಯಾರಾದರೂ ಅಷ್ಟು ಶ್ರದ್ಧೆಯಿಂದ ಕೇಳಿದ್ದು ಅದೇ ಮೊದಲು, ನಾನು ಖುಷಿಯಾಗಿದ್ದೆ.

ಮೂರನೇ ವಾರ ಎಡವಟ್ಟಾಯಿತು. ಬೆಳಕು ಬಾವಿಯೊಳಗೆ ಇಣುಕುವ ಸಾಲು ಯಾತಕ್ಕೂ ಬೇಡ, ಆ ಬಾವಿ ಬತ್ತಿ ಎಷ್ಟೋ ಕಾಲವಾಯಿತು ಎಂದು ನಾನೇ ಹೇಳಿದೆ. ಅವಳು ತೆಗೆದಳು. ಮರುದಿನ ಮೂರನೇ ಬೀದಿಯಲ್ಲಿ ನೆರಳುಗಳೆಲ್ಲ ಉಲ್ಟಾ ಬಿದ್ದವು. ಕಂಬದ ನೆರಳು ಬಿಸಿಲು ಬಂದ ಕಡೆಗೇ ಮಲಗಿತ್ತು. ಎಮ್ಮೆಗಳು ತಮ್ಮ ನೆರಳು ನೋಡಿ ಕೊಟ್ಟಿಗೆಯಿಂದ ಹೊರಗೆ ಕಾಲಿಡಲಿಲ್ಲ, ಹಾಲು ಕರೆಯುವುದಿರಲಿ ಹತ್ತಿರ ಹೋಗಲಿಕ್ಕೂ ಬಿಡಲಿಲ್ಲ. ಆರು ಐವತ್ತಕ್ಕೆಲ್ಲ ಇಪ್ಪತ್ತು ಚೀಟಿ ಹಿಡಿದು ಇಪ್ಪತ್ತು ಜನ ಕಚೇರಿಯ ಮುಂದೆ. ಹಾಲೇಶಪ್ಪನವರು ಅರ್ಧ ಹಲ್ಲುಜ್ಜಿಕೊಂಡೇ ಬಂದರು. ಮಂಗಳವಾರದ ಕಥೆ ಮತ್ತೆ ಎದ್ದಿತು. ಇವತ್ತಿಗೇ ನಿಲ್ಲಿಸಿ, ಗಂಟು ಮೂಟೆ ಕಟ್ಟಿ ಎಂದರು.

ಕುಮುದಾ ಹೆದರಿದ್ದಳು, ಅವಳ ಕುತ್ತಿಗೆ ಕೆಂಪಾಗಿದ್ದದ್ದು ನನಗೆ ಕಂಡಿತು. ಆದರೆ ದನಿ ಏರಲಿಲ್ಲ.

"ತಪ್ಪಾಗಿದೆ, ಹೌದು ಸಾರ್," ಎಂದಳು. "ಆದ್ರೆ ತಪ್ಪಾಗಿದೆ ಅಂತ ಏಳು ಗಂಟೆ ಒಳಗೇ ಗೊತ್ತಾಯ್ತು. ನಿನ್ನೆ ಮುಟ್ಟಿದ್ದು ಒಂದೇ ಸಾಲು, ಅದಕ್ಕೇ ಎಲ್ಲಿ ತಪ್ಪಾಗಿದೆ ಅಂತ್ಲೂ ಗೊತ್ತು. ಹಳೇದು ಹಂಗೇ ಇದೆ. ನಾಳೆ ನೆರಳು ಸರಿಯಾಗಿ ಬೀಳುತ್ತೆ. ಬೀಳ್ಲಿಲ್ಲಾಂದ್ರೆ ನಾನೇ ಹೊರಡ್ತೀನಿ."

ಮರುದಿನ ನೆರಳು ಸರಿಯಾಗಿ ಬಿದ್ದಿತು. ಎಮ್ಮೆಗಳು ಹೊರಗೆ ಬಂದವು. ಬೆಳಕು ಆ ಬಾವಿಯಲ್ಲಿ ಇಣುಕಿದಾಗಲೇ ದಿಕ್ಕು ತಿಳಿದುಕೊಳ್ಳುತ್ತದೆ ಎಂಬ ವಿಷಯ ಅರವತ್ತು ವರ್ಷದ ಮೇಲೆ ಮೊದಲ ಬಾರಿಗೆ ನಮಗೆ ಗೊತ್ತಾಯಿತು. ಕುಮುದಾ ಆ ಸಾಲಿನ ಪಕ್ಕದಲ್ಲಿ ಕಾರಣ ಬರೆದಿಟ್ಟಳು, ಮುಂದೆ ಬರುವವರು ನಮ್ಮ ಹಾಗೆ ಮುಗ್ಗರಿಸದಿರಲಿ ಎಂದು. ಹಾಲೇಶಪ್ಪನವರು ಅವತ್ತಿನಿಂದ ತಮ್ಮ ಮನೆಯ ಚೀಟಿಗೆ ತಾವೇ ಗುರುತು ಹಾಕತೊಡಗಿದರು.

ಪುಷ್ಯ ಮಾಸದ ಒಂದು ಮಧ್ಯಾಹ್ನ ಅವಳು ಮನೆ ಮನೆಯ ಬರಹವನ್ನು ಬೇರೆ ಬೇರೆ ಹಾಳೆಯಲ್ಲಿ ಅಚ್ಚು ಹಾಕಿ ಕಚೇರಿಯ ನೆಲದ ಮೇಲೆ ಹರಡಿದಳು. ಕೆಂಪು ಪೆನ್ಸಿಲ್ಲು ಹಿಡಿದು ಮಂಡಿಯೂರಿ ಒಂದೊಂದಕ್ಕೂ ಗೆರೆ ಹಾಕುತ್ತ ಹೋದಳು. ಸಂಜೆಗೆ ಎದ್ದು ನಿಂತು, ಐವತ್ತೆಂಟು ಮನೆಯ ಬರಹ ಒಂದಕ್ಕೊಂದು ಅಕ್ಷರ ತಪ್ಪದ ಹಾಗಿದೆ, ಮನೆಯ ಹೆಸರು ಮಾತ್ರ ಬೇರೆ ಎಂದಳು. ನಾನು ಹೆಮ್ಮೆಯಿಂದಲೇ ವಿವರಿಸಿದೆ. ಹೊಸ ಮನೆ ಬಂದಾಗಲೆಲ್ಲ ಹೊಸದಾಗಿ ಬರೆಯುವ ರಗಳೆ ಯಾಕೆ ಅಂತ, ಇದ್ದದ್ದರಲ್ಲಿ ಚೆನ್ನಾಗಿರುವ ಒಂದು ಮನೆಯದನ್ನು ನಕಲು ತೆಗೆದು ಹೆಸರು ಬದಲಾಯಿಸುತ್ತೇವೆ. ನಾನೇ ಶುರು ಮಾಡಿದ ಪದ್ಧತಿ, ಕೈಕೆಳಗಿನವರಿಗೂ ಅದನ್ನೇ ಕಲಿಸಿದ್ದೇನೆ. ಯಾವ ಮನೆಯದು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವತ್ತೇ ನನ್ನ ಬಣ್ಣ ಬಯಲಾಗುತ್ತಿತ್ತು.

ಮರುದಿನ ಅವಳು ಆ ಐವತ್ತೆಂಟನ್ನೂ ಒಂದೇ ಜಾಗಕ್ಕೆ ತಂದಳು. ಒಂದು ಸಲ ಬರೆದಿಟ್ಟು, ಐವತ್ತೆಂಟು ಮನೆಯಿಂದಲೂ ಅಲ್ಲಿಗೆ ಬೆರಳು ತೋರಿಸಿದಂತೆ. ಏಳು ಸಾವಿರ ಸಾಲು ಒಂದೇ ದಿನಕ್ಕೆ ಕಡಿಮೆಯಾಯಿತು. ದಿನಕ್ಕೊಂದು ಸಣ್ಣ ಬದಲಾವಣೆಯ ನಿಯಮಕ್ಕೆ ಇದು ದೊಡ್ಡ ತುತ್ತೇ. ಬೆಳಿಗ್ಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾದೆವು. ಏಳಾಯಿತು, ಒಂಬತ್ತಾಯಿತು, ಹನ್ನೊಂದಾಯಿತು. ಒಬ್ಬರೂ ಚೀಟಿ ಹಿಡಿದು ಬರಲಿಲ್ಲ. ಕಡೇಬೀದಿಗೆ ಬೆಳಕು ಸ್ವಲ್ಪ ಮೊದಲೇ ಬಂತು, ಓದುವ ಸಾಲು ಕಡಿಮೆಯಾಯಿತಲ್ಲ, ಉಳಿದಂತೆ ಊರಲ್ಲಿ ಏನೆಂದರೆ ಏನೂ ಆಗಲಿಲ್ಲ. ಕುಮುದಾ ಕಣ್ಣೊರೆಸಿಕೊಂಡು ನಕ್ಕು ಖಾರ ಮಂಡಕ್ಕಿ ತರಿಸಿದಳು. ಏನೂ ಆಗದಿದ್ದದ್ದಕ್ಕೆ ಸಿಹಿ ಹಂಚುವವರನ್ನು, ಅಲ್ಲ, ಖಾರ ಹಂಚುವವರನ್ನು ನಾನು ಅವತ್ತೇ ನೋಡಿದ್ದು.

ಮಂಡಕ್ಕಿ ತಿನ್ನುತ್ತ ಅವಳು ಕೇಳಿದಳು. ಆ ಬರಹದಲ್ಲಿ ಒಂದು ಸಾಲಿದೆ, ಹೊಸ್ತಿಲಲ್ಲಿ ನಾಲ್ಕು ನಿಮಿಷ ನಿಲ್ಲು ಅಂತ. ತನ್ನ ನೋಟ್‌ಬುಕ್ಕಿನಲ್ಲೂ ಇದೆ, ಐವತ್ತೆಂಟು ಮನೆಯಲ್ಲೂ ಬೆಳಕು ಹೊಸ್ತಿಲಿಗೆ ಬಂದು ನಾಲ್ಕು ನಿಮಿಷ ನಿಂತು ಆಮೇಲೆ ಒಳಗೆ ಹೋಗುತ್ತದೆ. ಕೇಳಿದರೆ ಒಬ್ಬರು ಮನೆದೇವರಿಗೆ ದೀಪ ಹಚ್ಚಲು ಪುರಸೊತ್ತು ಕೊಡುತ್ತದೆ ಎಂದರಂತೆ, ಇನ್ನೊಬ್ಬರು ಹೊಸ ಮನೆಗೆ ಬೆಳಕು ಸಂಕೋಚಪಡುತ್ತದೆ ಎಂದರಂತೆ. ಐವತ್ತೆಂಟು ನಾಲ್ಕಲೇ ಎರಡು ನೂರಾ ಮೂವತ್ತೆರಡು ನಿಮಿಷ, ನಾಲ್ಕು ಗಂಟೆಗೆ ಎಂಟೇ ನಿಮಿಷ ಕಡಿಮೆ.

"ಕಡೇಬೀದಿಗೆ ತಡವಾಗ್ತಿರೋದು ಇದ್ರಿಂದ್ಲೇ. ಈಗ ಒಂದೇ ಕಡೆ ಇದೆ, ಒಂದು ಸಾಲು ತೆಗೆದ್ರೆ ಮುಗೀತು. ಆದ್ರೆ ಇದು ಒಳಗಿನ ಓರಣ ಅಲ್ಲ, ಹೊರಗೆ ಬದಲಾಗುತ್ತೆ. ನಾನಾಗಿ ತೆಗೆಯೋ ಹಂಗಿಲ್ಲ. ಯಾರು ಕೇಳಿ ಹಾಕಿಸಿದ್ದು ಅಂತ ಗೊತ್ತಾದ್ರೆ ಅವ್ರನ್ನ ಕೇಳ್ಬಹುದು. ನಿಮಗೆ ನೆನಪಿದ್ಯಾ?"

ನೆನಪಿಲ್ಲ ಎಂದುಬಿಟ್ಟೆ.

ನೆನಪಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಭಾವನಿಗೆ ಕಣ್ಣಿನ ಆಪರೇಷನ್ ಆಯಿತು. ಬೆಳಕು ಒಮ್ಮೆಲೇ ಒಳಗೆ ಬಂದರೆ ಕಣ್ಣಲ್ಲಿ ಸೂಜಿ ಚುಚ್ಚಿದಂತಾಗುತ್ತದೆ ಎಂದು ಅವರು ಮುಖಕ್ಕೆ ಕೈ ಅಡ್ಡ ಇಟ್ಟುಕೊಂಡು ಕೂತಿರುತ್ತಿದ್ದರು. ಅಕ್ಕ ಕಚೇರಿಗೂ ಬರಲಿಲ್ಲ, ಅರ್ಜಿಯನ್ನೂ ಕೊಡಲಿಲ್ಲ. ನಾನೇ ಬರೆದೆ: ಹೊಸ್ತಿಲಲ್ಲಿ ನಾಲ್ಕು ನಿಮಿಷ ನಿಲ್ಲು. ಬಹಳ ಚೊಕ್ಕವಾಗಿ ಬರೆದಿದ್ದೆ, ನನ್ನ ಜೀವಮಾನದಲ್ಲೇ ಅಷ್ಟು ಅಂದವಾಗಿ ಬರೆದದ್ದಿಲ್ಲ. ಅದಕ್ಕೇ ಹೊಸ ಮನೆ ಬಂದಾಗಲೆಲ್ಲ ಅದನ್ನೇ ನಕಲು ಮಾಡಿದೆ, ಮಾಡಿಸಿದೆ. ಮೂರು ವರ್ಷಕ್ಕೆ ಭಾವ ಹೋದರು. ಆ ಸಾಲು ಹೋಗಲಿಲ್ಲ. ಊರಲ್ಲಿ ಬೆಳಕು ಐವತ್ತೇಳು ಪರರ ಹೊಸ್ತಿಲಲ್ಲಿ ನನ್ನ ಭಾವನ ಕಣ್ಣಿಗಾಗಿ ಕಾದು ನಿಂತು, ಕೊನೆಗೆ ಅವರ ಮನೆಗೇ ತಡವಾಗಿ ಬರುತ್ತಿತ್ತು. ನನ್ನ ಅಕ್ಕನ ಸಂಡಿಗೆ ಹುಳಿ ಹಿಡಿಸಿದವನು ನಾನು. ಅವಳ ಬೀದಿಯನ್ನು ಕತ್ತಲೆಗೆ ದೂಡುವ ಸಾಲನ್ನು ಬರೆಯಬೇಕಾಗಿದ್ದವನೂ ನಾನು.

ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಲಾಟೀನು ಹಿಡಿದು ಕಡೇಬೀದಿಯ ಕತ್ತಲಲ್ಲಿ ನಡೆದು ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಕಾಫಿ ಸೋಸುತ್ತಿದ್ದಳು. ಕೇಳಿ ಮುಗಿಸಿ ಲೋಟ ನನ್ನ ಮುಂದೆ ಇಟ್ಟಳು, ತನ್ನದನ್ನು ತೆಗೆದುಕೊಂಡು ಬಾಗಿಲ ಬಳಿ ಹೋಗಿ ಕೂತಳು. ಅಲ್ಲಿ ಭಾವನ ಬೆತ್ತದ ಕುರ್ಚಿ ಈಗಲೂ ಇದೆ. ಒಂದು ಗಂಟೆ ಹೇಗೆ ಕಳೆಯಿತೋ, ಹೊರಗೆ ನಸುಕು ಮೂಡಿತು. ಬೆಳಕು ಬಂದು ಹೊಸ್ತಿಲ ಮೇಲೆ ನಿಂತಿತು. ಒಳಗೆ ಬರಲಿಲ್ಲ.

"ಹದಿನಾರು ವರ್ಷದಿಂದ ನೋಡ್ತಾ ಇದೀನಿ," ಅಂದಳು ಅಕ್ಕ. "ಹಿಂಗ್ ಬಂದು ನಿಲ್ಲುತ್ತೆ. ನಿನ್ನ ಸಾಲೇ ನಿಲ್ಲಿಸ್ತಿದೆ ಅಂತ ಗೊತ್ತು ನಂಗೆ. ಆದ್ರೂ ಅವ್ರು ಕೂತಿದಾರೆ, ಅದಕ್ಕೇ ಕಾಯ್ತಿದೆ ಅನ್ನಿಸ್ತಿತ್ತು. ಇದೊಂದು ಹೊತ್ತು ನಾನೂ ಕೂತ್ಕೊತೀನಿ, ಕಾಫಿ ಕುಡೀತೀನಿ. ಬೇರೇವ್ರ ಮನೇಲೂ ನಿಲ್ಲುತ್ತೆ ಅಂತ ಗೊತ್ತಿರಲಿಲ್ಲ ಕಣೋ."

ನಾನು ಅತ್ತೆ. ಐವತ್ತನಾಲ್ಕು ವರ್ಷದ ಗಂಡಸು, ಕಾಫಿ ಲೋಟ ಹಿಡಿದು ಮಗುವಿನಂತೆ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ನಾಲ್ಕು ನಿಮಿಷ ಮುಗಿದು ಬೆಳಕು ಒಳಗೆ ಬಂದು ಕುರ್ಚಿಯ ಮೇಲೆ ಬಿದ್ದ ಮೇಲೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ನಡಿ ನಿಮ್ಮ ಕಚೇರಿಗೆ ಎಂದಳು.

ಕಚೇರಿಯಲ್ಲಿ ಹಾಲೇಶಪ್ಪನವರೂ ಇದ್ದರು. ನಾನು ಅವರ ಮುಂದೆಯೇ ಕುಮುದಾಗೆ ನಿಜ ಹೇಳಿದೆ, ನೆನಪಿಲ್ಲ ಎಂದು ಸುಳ್ಳಾಡಿದ್ದನ್ನೂ ಹೇಳಿದೆ. ಕುಮುದಾ ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಅವಳು ಅಕ್ಕನ ಕಡೆ ತಿರುಗಿ ಕುರ್ಚಿ ಎಳೆದುಕೊಟ್ಟು, ಯೋಚಿಸಬೇಡಿ, ಈಗ ಅದು ಒಂದೇ ಕಡೆ ಇರುವುದರಿಂದ ಬೇರೆ ಮನೆಗಳಿಂದ ತೆಗೆದು ನಿಮ್ಮ ಮನೆಗೆ ಮಾತ್ರ ಉಳಿಸಿಕೊಡಬಹುದು ಎಂದಳು. ನಿಮ್ಮದು ಊರಿನ ಕೊನೇ ಮನೆ, ನಿಮ್ಮ ಹೊಸ್ತಿಲಲ್ಲಿ ಎಷ್ಟು ನಿಂತರೂ ಯಾರಿಗೂ ತಡವಾಗುವುದಿಲ್ಲ. ಹಾಲೇಶಪ್ಪನವರು ಕೂಡಲೇ ತಲೆಯಾಡಿಸಿ, ಹಾಗಾದರೆ ಬೆಳಕನ್ನು ಹೊರಳಿಸುವ ಸಾಲೂ ಬೇಡ ಎಂದರು. ಅವರ ಮುಖ ಎಷ್ಟೋ ದಿನದ ಮೇಲೆ ಹಗುರಾಗಿತ್ತು.

ಅಕ್ಕನ ಕಣ್ಣು ಹಿಂದಿನ ಕೋಣೆಯ ತೆರೆದ ಬಾಗಿಲಿನಾಚೆ ಹೋಗಿತ್ತು.

"ಅದೇನಮ್ಮ, ಕಿಟಕಿಗೆ ಸೀರೆ?"

ಕುಮುದಾ ನಾಚಿಕೊಂಡು ಹೇಳಿದಳು, ಬೆಳಿಗ್ಗೆ ಬೆಳಕು ಬೇಡ ಅನ್ನಿಸಿದಾಗ ಎಳೆದುಕೊಳ್ಳುತ್ತೇನೆ, ಬೇಕು ಅನ್ನಿಸಿದಾಗ ಸರಿಸುತ್ತೇನೆ ಎಂದು. ಅಕ್ಕ ಎದ್ದು ಹೋಗಿ ಆ ಸೀರೆಯನ್ನು ಮುಟ್ಟಿ ನೋಡಿದಳು. ಒಮ್ಮೆ ಎಳೆದಳು, ಕೋಣೆ ಮಬ್ಬಾಯಿತು. ಸರಿಸಿದಳು, ಬೆಳಗಾಯಿತು. ಮತ್ತೆ ಎಳೆದಳು. ನಾವು ಮೂವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಹತ್ತೊಂಬತ್ತು ವರ್ಷದ ಹಿಂದೆ ಭಾವನ ಕಣ್ಣಿಗೆ ಬೇಕಾಗಿದ್ದದ್ದು ಒಂದು ಗೇಣು ಬಟ್ಟೆ ಎಂಬುದು ನನಗೆ ಆ ಹೊತ್ತಿಗೆ ಹೊಳೆಯಿತು. ಹಾಲೇಶಪ್ಪನವರಿಗೂ ಹೊಳೆದಿರಬೇಕು, ಕೆಮ್ಮಿದರು.

"ನಂದೂ ತೆಗೆದ್ಬಿಡಮ್ಮ," ಎಂದಳು ಅಕ್ಕ. "ನಾಳೆ ಇನ್ಯಾರೋ ಕೂತ್ಕೊಂಡು ಇದು ಯಾಕಿದೆ ಅಂತ ತಲೆ ಕೆಡಿಸ್ಕೊಳ್ಳೋದು ಬೇಡ. ನನ್ನ ನಾಲ್ಕು ನಿಮಿಷ ನಾನೇ ನೋಡ್ಕೊತೀನಿ."

ಆಮೇಲಿನ ಹದಿನೈದು ದಿನ ನಾನೂ ಕುಮುದಾ ಐವತ್ತೇಳು ಮನೆಗೂ ಹೋದೆವು. ತಪ್ಪು ನನ್ನದಾದ್ದರಿಂದ ಮಾತು ನಾನೇ ಆಡಿದೆ. ಮೊದಲ ಮೂರು ಮನೆಯಲ್ಲಿ ನಾಲಿಗೆ ತೊದಲಿತು, ಹತ್ತನೇ ಮನೆಯ ಹೊತ್ತಿಗೆ ಅಭ್ಯಾಸವಾಯಿತು. ಬಹಳ ಜನ ನಕ್ಕರು. ಮನೆ ಜೊತೆಗೇ ಬಂದದ್ದು ಅಂದುಕೊಂಡಿದ್ದೆವು, ಬೇಡದಿದ್ದರೆ ತೆಗೆಯಿರಿ ಎಂದರು. ಆ ನಾಲ್ಕು ನಿಮಿಷದಲ್ಲೇ ರಂಗೋಲಿ ಮುಗಿಸುತ್ತಿದ್ದ ಒಬ್ಬ ಅಜ್ಜಿ ಮಾತ್ರ ತಕರಾರು ತೆಗೆದರು. ಕಡೇಬೀದಿಯ ವಿಷಯ ಹೇಳಿದ ಮೇಲೆ, ಹಾಗಿದ್ದರೆ ನಾಲ್ಕು ನಿಮಿಷ ಮೊದಲು ಏಳುತ್ತೇನೆ, ಅದೇನು ಮಹಾ ಎಂದರು. ರಥಸಪ್ತಮಿಯ ಹಿಂದಿನ ದಿನ ಸಂಜೆ ಆ ಸಾಲನ್ನು ತೆಗೆಯುವಾಗ ಕುಮುದಾ ಕುರ್ಚಿ ಬಿಟ್ಟು ಎದ್ದು ನನ್ನನ್ನು ಕೂರಿಸಿದಳು. ಗೋಡೆಯ ಮೇಲಿನ ನಿಯಮ ನನ್ನ ಬೆನ್ನ ಹಿಂದೆಯೇ ಇತ್ತು. ಹಳೆಯದನ್ನು ಎತ್ತಿಟ್ಟಿದ್ದೀರಾ ಎಂದು ಹಾಲೇಶಪ್ಪನವರು ಮೂರು ಸಲ ಕೇಳಿದರು. ಎತ್ತಿಟ್ಟಿದ್ದೆವು. ನಾನು ಬರೆದ ಅತ್ಯಂತ ಅಂದವಾದ ಸಾಲನ್ನು ನಾನೇ ಅಳಿಸಿದೆ.

ರಥಸಪ್ತಮಿಯ ಬೆಳಿಗ್ಗೆ ಆರಕ್ಕೆಲ್ಲ ನಾನು ಅಕ್ಕನ ಮನೆಯಲ್ಲಿದ್ದೆ. ಅವಳು ತಲೆಯ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮುಗಿಸಿ, ಒಲೆಯ ಮೇಲೆ ಸಂಡಿಗೆಯ ಹಿಟ್ಟು ಬೇಯಲು ಇಟ್ಟಿದ್ದಳು. ಇವತ್ತು ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಾನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಬೀದಿಯ ಜನರೆಲ್ಲ ಜಗಲಿಯ ಮೇಲೆ ಚೀಟಿ ಹಿಡಿದು ಕೂತಿದ್ದರು. ಏಳು ಗಂಟೆ ಹತ್ತು ನಿಮಿಷಕ್ಕೆ ಬೀದಿಯ ತಿರುವಿನಲ್ಲಿ ಯಾರೋ ಓ ಎಂದರು. ಬೆಳಕು ಮನೆಯಿಂದ ಮನೆಗೆ, ಜಗಲಿಯಿಂದ ಜಗಲಿಗೆ ಸಲೀಸಾಗಿ ನಡೆದು ಬಂತು. ಕೋಳಿಗಳಿಗೆ ನಂಬಿಕೆ ಬರಲಿಲ್ಲ, ಸ್ವಲ್ಪ ತಡೆದು ಎಲ್ಲ ಒಟ್ಟಿಗೆ ಕೂಗಿದವು. ಎದುರು ಮನೆಯವನು ಚೀಟಿಯಲ್ಲಿ ಹನ್ನೊಂದು ಇಪ್ಪತ್ತು ಅಂತ ಇದೆ, ತಪ್ಪು ಅಂತ ಗುರುತು ಹಾಕಲೋ ಸರಿ ಅಂತ ಹಾಕಲೋ ಎಂದು ನನ್ನನ್ನು ಕೂಗಿ ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಕ್ಕ ಬಾಗಿಲ ಮೇಲ್ಗಡೆ ಎರಡು ಮೊಳೆಗೆ ದಾರ ಕಟ್ಟಿ ಭಾವನ ಹಳೆಯ ಪಂಚೆಯೊಂದನ್ನು ಇಳಿಬಿಟ್ಟಿದ್ದಳು. ನಮ್ಮ ಊರಿನವರು ಕಟ್ಟಿದ ಮೊದಲನೆಯ ಪರದೆ ಅದು. ಬೆಳಕು ಹೊಸ್ತಿಲು ದಾಟಿ ಪಂಚೆಯ ಮೇಲೆ ಬಿತ್ತು, ಬಟ್ಟೆಯ ಎಳೆ ಎಳೆಯೂ ಕಂಡಿತು. ಒಳಗೆ ಮಬ್ಬು. ಅವಳು ಬೆತ್ತದ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಕಾಫಿಯ ಲೋಟ ಕೈಗೆತ್ತಿಕೊಂಡಳು. ನಾನು ಗೋಡೆಗೊರಗಿ ನಿಂತು ವಾಚು ನೋಡುತ್ತಿದ್ದೆ. ಒಂದು ನಿಮಿಷವಾಯಿತು. ಹೊರಗೆ ಮಕ್ಕಳು ಬಿಸಿಲಲ್ಲಿ ತಮ್ಮ ನೆರಳನ್ನೇ ತುಳಿದಾಡಿಕೊಂಡು ಆಡುತ್ತಿದ್ದರು. ಎರಡು ನಿಮಿಷವಾಯಿತು. ಒಳಗಿನಿಂದ ಹಿಟ್ಟು ಬೆಂದ ವಾಸನೆ ಬಂತು.

ಅಕ್ಕ ಲೋಟ ಕೆಳಗಿಟ್ಟು ಎದ್ದಳು. ಪಂಚೆಯನ್ನು ದಾರದಿಂದ ಎಳೆದು ತೋಳಿನ ಮೇಲೆ ಹಾಕಿಕೊಂಡಳು. ಬೆಳಕು ಕುರ್ಚಿ, ನೆಲ, ಒಲೆ, ನನ್ನ ಮುಖ ಎಲ್ಲದರ ಮೇಲೂ ಒಟ್ಟಿಗೆ ಬಿತ್ತು.

ಇನ್ನೂ ಎರಡು ನಿಮಿಷ ಇದೆ ಅಕ್ಕ ಎಂದೆ.

"ಸಾಕು ಬಿಡು," ಎಂದಳು ಅವಳು, ಪಂಚೆಯನ್ನು ಸಂಡಿಗೆಗೆ ಹಾಸಲು ಕೊಡವುತ್ತ ಮಾಳಿಗೆ ಮೆಟ್ಟಿಲು ಹತ್ತುತ್ತ. "ಹಿಟ್ಟು ಆರೋಗುತ್ತೆ, ಒತ್ತೋ ಒರಳು ತಗೊಂಡು ಬಾ."